ಐಗಳಿಯ ರೋಗಿ, ಮಿರಜಿನ ತೀರ್ಮಾನ: ಚಿಕಿತ್ಸಾ ನಿರ್ಧಾರದಲ್ಲಿ ಮೌಲ್ಯಗಳ ಸ್ಥಾನ

ಅಥಣಿ ತಾಲ್ಲೂಕಿನ ಐಗಳಿಯಲ್ಲಿ ಕಾಯಿಲೆ ಬಿಗಡಾಯಿಸಿದರೆ ಮೊದಲು ಅಥಣಿ, ಅಲ್ಲಿಗೂ ಬಗ್ಗದಿದ್ದರೆ ಗಡಿಯಾಚೆ ಮಹಾರಾಷ್ಟ್ರದ ಮಿರಜ. 1894ರಲ್ಲಿ ವಿಲಿಯಂ ವಾನ್‌ಲೆಸ್ ಆಸ್ಪತ್ರೆ ಕಟ್ಟಿದ ಊರದು. ಐಸಿಯು ಬಾಗಿಲಲ್ಲಿ ವೆಂಟಿಲೇಟರಿನ ಪ್ರಶ್ನೆ ಎದ್ದಾಗ ನಮ್ಮ ಕಡೆಯ ಮನೆಮಂದಿ ಹೇಳುವ ಮಾತು ಒಂದೇ: 'ನಿಮಗ ಹೆಂಗ ಚಲೋ ಅನಸ್ತದ ಹಂಗ ಮಾಡ್ರಿ, ಸಾಹೇಬ್ರ.' ಅದರಲ್ಲಿ ವೈದ್ಯರ ಮೇಲಿನ ಭರವಸೆ ಇದೆ, ರೋಗಿಯ ಮನಸ್ಸು ಇಲ್ಲ.

ರೋಗಿಯ ಮನಸ್ಸನ್ನು ಹೀಗೆ ಬದಿಗಿಡುವುದನ್ನು ಕಾನೂನು ಒಪ್ಪುವುದಿಲ್ಲ. ಅರಿವಳಿಕೆಯಲ್ಲಿದ್ದ ವಯಸ್ಕ ಮಹಿಳೆಯ ಪರವಾಗಿ, ಜೀವಕ್ಕೆ ತುರ್ತು ಅಪಾಯವಿಲ್ಲದಾಗ, ತಾಯಿ ಕೊಟ್ಟ ಒಪ್ಪಿಗೆ ಸಾಲದೆಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿತು. ಹಳದೀಪುರದ ನರ್ಸ್ ಅರುಣಾ ಶಾನಭಾಗರ ವಿಷಯದಲ್ಲಿ ಆ ಒಪ್ಪಿಗೆ ಕೇಳುವ ದಾರಿಯೇ ಮುಚ್ಚಿತ್ತು. 1973ರ ಹಲ್ಲೆಯ ನಂತರ 2015ರವರೆಗೆ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ತಮ್ಮ ಇಚ್ಛೆ ಹೇಳಲಾಗದ ಸ್ಥಿತಿಯಲ್ಲಿ ಮಲಗಿದ್ದ ಅವರ ಪರವಾಗಿ ಉಳಿದವರೇ ವಾದಿಸಿದರು.

ಇದಕ್ಕೆ ಎದುರಾಗಿ, ತಮ್ಮ ಮನಸ್ಸನ್ನು ತಾವೇ ಹೇಳಿದವರ ಉದಾಹರಣೆ ಇದೇ ಸೀಮೆಯಲ್ಲಿದೆ. ಭೋಜ ಗ್ರಾಮದ ಜೈನ ಮುನಿ ಆಚಾರ್ಯ ಶಾಂತಿಸಾಗರರು ಕಣ್ಣು ಮಂದವಾದಾಗ 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ, ಅಂದರೆ ಆಹಾರ ತ್ಯಜಿಸಿ ದೇಹ ಬಿಡುವ ವ್ರತ, ಸ್ವೀಕರಿಸಿದರು. ವೈದ್ಯನಿಗೆ ದೃಷ್ಟಿದೋಷ ಒಂದು ರೋಗ. ಹೆಜ್ಜೆಯಿಡುವ ಮುನ್ನ ನೆಲದ ಜೀವಿಯನ್ನು ಕಾಣಲೇಬೇಕಾದ ಮುನಿಗೆ ಅದು ವ್ರತದ ಬಿಕ್ಕಟ್ಟು. ಸಲ್ಲೇಖನವನ್ನು ಚಿಕಿತ್ಸಾ ನಿರಾಕರಣೆಯೊಂದಿಗೆ ಸಮೀಕರಿಸುವುದು ತಪ್ಪಾದೀತು.  ನನಗೆ ಮುಖ್ಯವಾದದ್ದು ಇಷ್ಟು: ಅವರ ನಿರ್ಧಾರದ ಜೊತೆಗೆ ಅದರ ಕಾರಣವೂ ಸುತ್ತಲಿನವರಿಗೆ ತಿಳಿದಿತ್ತು.

ಮುಂದೆ ಮಾತಾಡಲಾಗದಿದ್ದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನದಲ್ಲಿ ಬಿಟ್ಟುಹೋಗುವುದು ಈ ಕಾರಣವೇ. ಸುಪ್ರೀಂ ಕೋರ್ಟಿನ 2018ರ ಕಾಮನ್ ಕಾಸ್ ತೀರ್ಪು, ಅದರ 2023ರ ತಿದ್ದುಪಡಿ, 2025ರ ಜನವರಿಯ ಕೊನೆಗೆ ಬಂದ ಕರ್ನಾಟಕದ ಸುತ್ತೋಲೆ ಇವುಗಳಿಂದ ದಾರಿ ಸುಗಮವಾಗಿದೆ. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಆದರೆ 'ವೆಂಟಿಲೇಟರ್ ಬೇಡ' ಎಂಬ ಸಾಲು, ಯಾವ ಬದುಕು ಬೇಡವಾಗಿತ್ತೆಂದು ಹೇಳುವುದಿಲ್ಲ. ಮೊಮ್ಮಗಳ ಮದುವೆವರೆಗೆ ಏನನ್ನಾದರೂ ತಾಳಿಕೊಳ್ಳುತ್ತೇನೆ ಎನ್ನುವ ಅಜ್ಜಿಗೂ ಹೊಲ ಮಾರಿ ಚಿಕಿತ್ಸೆ ಬೇಡವೆನ್ನುವ ಅಜ್ಜನಿಗೂ ಬೇರೆ ಬೇರೆ ಉತ್ತರ ಬೇಕು.

ಇನ್ನು ಗಡಿಯ ತೊಡಕು. ತೀರ್ಪು ದೇಶಕ್ಕೆಲ್ಲ ಅನ್ವಯಿಸುತ್ತದೆ, ಸುತ್ತೋಲೆ ಕರ್ನಾಟಕಕ್ಕೆ ಮಾತ್ರ. ಮಿರಜಿನಲ್ಲಿ, ಚಿಕಿತ್ಸೆ ನಿಲ್ಲಿಸುವ ಬಗ್ಗೆ ಮೊದಲ ಮಂಡಳಿಯ ಅಭಿಪ್ರಾಯವನ್ನು ಪರಿಶೀಲಿಸುವ ಎರಡನೆಯ ವೈದ್ಯಕೀಯ ಮಂಡಳಿಗೆ ಸದಸ್ಯರ ನಾಮನಿರ್ದೇಶನ ಮಹಾರಾಷ್ಟ್ರದ ಕಡೆಯಿಂದ ಆಗಬೇಕು. ನಿರ್ದೇಶನದ ಪ್ರತಿಯನ್ನು ಪಂಚಾಯಿತಿಯಲ್ಲಿಡಬಹುದು. ಅದು ನಿಜವೋ ಸುಳ್ಳೋ ಎಂದು ಮಿರಜಿನ ವೈದ್ಯರು ಅಲ್ಲಿನ ಪಾಲಕ ಅಧಿಕಾರಿಯನ್ನೇ ಕೇಳಬಹುದು. ಆದ್ದರಿಂದ ಕನ್ನಡದಲ್ಲಿ ಬರೆದ ನಿರ್ದೇಶನಕ್ಕೆ ಮರಾಠಿ ಪ್ರತಿಯೊಂದು ಜೊತೆಗಿರಲಿ, ಮೊದಲ ಸಾಲಲ್ಲಿ ಕಾರಣವಿರಲಿ, ಭಾನುವಾರ ರಾತ್ರಿ ಮಿರಜಿನಿಂದ ಫೋನ್ ಬಂದರೂ ಎತ್ತುವವರ ಹೆಸರಿರಲಿ.