ಆತ್ಮಹತ್ಯೆ ತಡೆ ಶಿಕ್ಷಣ (ಸಮಾಜಕಾರ್ಯ)

ಆತ್ಮಹತ್ಯೆಯ ಅಪಾಯದಲ್ಲಿರುವವರನ್ನು ಗುರುತಿಸಿ, ಮಾತನಾಡಿಸಿ, ಚಿಕಿತ್ಸೆಗೆ ತಲುಪಿಸುವುದನ್ನು ಸಮಾಜಕಾರ್ಯ ವಿದ್ಯಾರ್ಥಿಗಳಿಗೆ ಕಲಿಸುವ ವೃತ್ತಿಶಿಕ್ಷಣ. ದಕ್ಷಿಣ ಕನ್ನಡದಲ್ಲಿ ಸಮಾಜಕಾರ್ಯ ಕಲಿಕೆಯ ಹಳೆಯ ನೆಲೆ 1960ರಲ್ಲಿ ಆರಂಭವಾದ ಮಂಗಳೂರಿನ ರೋಶನಿ ನಿಲಯ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಭಾವಿಸುತ್ತದೆ. ಹಾಗಾಗಿ ಪಾಠದ ಒತ್ತೂ ಆರೈಕೆಯ ಮೇಲೆ. ತಿರುಳು ಒಂದು ನೇರ ಪ್ರಶ್ನೆ: ‘ಸಾಯಬೇಕು ಅನ್ನಿಸುತ್ತಿದೆಯೇ?’ ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ಕಲ್ಪನೆ. ಜಿಲ್ಲೆಯ ಪುತ್ತೂರು, ಸುಳ್ಯ, ಕಡಬಗಳಲ್ಲಿ ಈ ಪ್ರಶ್ನೆ ತುಳು, ಅರೆಭಾಷೆ, ಬ್ಯಾರಿ ನುಡಿಗಳಲ್ಲೂ ಸಹಜವಾಗಿ ಬಾಯಿಗೆ ಬರಬೇಕು. ಪುಸ್ತಕದ ಕನ್ನಡ ಸಾಲದು. ತೋಟದ ಮನೆಗಳಲ್ಲಿ ಕೀಟನಾಶಕವನ್ನು ಬೀಗದೊಳಗೆ ಇಡಿಸುವುದು, ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದ ಮಕ್ಕಳ ಹೆತ್ತವರ ದಣಿವನ್ನು ಗಮನಿಸುವುದು ಕ್ಷೇತ್ರಕಾರ್ಯಕ್ಕೆ ಸೇರುತ್ತವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಹಗಲಿರುಳೂ ಲಭ್ಯ.