ಸರಳಿಗೆ ಜೋಡಿಸಿದ ಪುಟ್ಟ ಬೂಟುಗಳು

ಹುಟ್ಟುವಾಗಲೇ ಪಾದ ಒಳಕ್ಕೂ ಕೆಳಕ್ಕೂ ತಿರುಚಿಕೊಂಡಿರುವುದೇ ಕ್ಲಬ್‌ಫುಟ್. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಇಗ್ನಾಸಿಯೊ ಪೊನ್ಸೆಟಿ (1914–2009) ದೊಡ್ಡ ಶಸ್ತ್ರಚಿಕಿತ್ಸೆಯ ಬದಲು, ಪಾದವನ್ನು ಕೈಯಿಂದ ಮೆಲ್ಲಗೆ ಹೊರಳಿಸಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುವ ವಿಧಾನ ರೂಪಿಸಿದರು. ಸಾಮಾನ್ಯವಾಗಿ ಐದಾರು ಪ್ಲಾಸ್ಟರ್‌ಗಳಲ್ಲಿ ಪಾದ ನೇರವಾಗುತ್ತದೆ. ಬಹುತೇಕ ಮಕ್ಕಳಿಗೆ ಹಿಮ್ಮಡಿಯ ಬಿಗಿದ ಸ್ನಾಯುರಜ್ಜುವನ್ನು ಚಿಕ್ಕ ಗಾಯದ ಮೂಲಕ ಕತ್ತರಿಸಿ ಸಡಿಲಿಸಬೇಕಾಗುತ್ತದೆ.

ನಿಜವಾದ ಪರೀಕ್ಷೆ ಆಮೇಲಿನದು. ನೆಟ್ಟಗಾದ ಪಾದ ಮತ್ತೆ ಸೊಟ್ಟಗಾಗಲು ಹವಣಿಸುತ್ತದೆ; ಅದನ್ನು ತಡೆಯುವುದು ಸರಳಿನ ಎರಡು ತುದಿಗೆ ಪುಟ್ಟ ಬೂಟುಗಳನ್ನು ಜೋಡಿಸಿದ ಈ ಬ್ರೇಸ್. ಸರಳಿನ ಉದ್ದ ಮಗುವಿನ ಭುಜಗಳ ಅಗಲದಷ್ಟು. ಸರಿಪಡಿಸಿದ ಪಾದ 60ರಿಂದ 70 ಡಿಗ್ರಿ ಹೊರಮುಖವಾಗಿರಬೇಕು. ಇನ್ನೊಂದು ಪಾದ ಸಹಜವಾಗಿದ್ದರೆ ಅದಕ್ಕೆ 30ರಿಂದ 40 ಡಿಗ್ರಿ ಸಾಕು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಬಳಿಕ ನಾಲ್ಕೈದು ವರ್ಷ ವಯಸ್ಸಿನವರೆಗೆ ನಿದ್ದೆಯ ಹೊತ್ತಿನಲ್ಲಿ ತೊಡಿಸಬೇಕು. ನಡುವೆ ಕೈಬಿಟ್ಟರೆ ದೋಷ ಮರುಕಳಿಸುವ ಸಂಭವ ಹೆಚ್ಚು. ರಚ್ಚೆ ಹಿಡಿದ ಕೂಸಿಗೆ ವರ್ಷಗಟ್ಟಲೆ ಈ ಬೂಟಿನ ಪಟ್ಟಿ ಬಿಗಿಯುವ ತಂದೆತಾಯಿಯೂ ಇಲ್ಲಿ ಚಿಕಿತ್ಸಕರೇ.

ಬೂಟಿನ ಹಿಂಬದಿಯ ಕಿಂಡಿಗಳನ್ನು ಗಮನಿಸಿ: ಹಿಮ್ಮಡಿ ತಳಕ್ಕೆ ಸರಿಯಾಗಿ ಕೂತಿದೆಯೇ ಎಂದು ಇಲ್ಲಿಂದಲೇ ನೋಡುತ್ತಾರೆ. ಕೂರದಿದ್ದರೆ ಪಾದ ಜಾರುತ್ತದೆ, ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ.