ಗಂಡು ಗಿಡ ಹುಡುಕುತ್ತಿದ್ದ ಪೊದ್ದಾರ

ಮಾವಿನ ಘಮ, ನಿಂಬೆ ಘಮ, ರಾಶಿ ಇಳುವರಿ ಅಂತ ಗಾಂಜಾ ಬೀಜ ಮಾರೋ ವಿದೇಶಿ ಕಂಪನಿಗಳ ಸುದ್ದಿ ಓದಿದಾಗೆಲ್ಲ ನನಗೆ ನೆನಪಾಗೋದು ಕ್ಯಾಲಿಫೋರ್ನಿಯಾ ಅಲ್ಲ, ಬಂಗಾಳದ ನವಗಾಂವ್. ಈಗ ಅದು ಬಾಂಗ್ಲಾದೇಶದಲ್ಲಿದೆ.

ಬ್ರಿಟಿಷ್ ಸರ್ಕಾರ 1893ರಲ್ಲಿ ಗಾಂಜಾ ಬಗ್ಗೆ ಒಂದು ಆಯೋಗ ನೇಮಿಸಿತ್ತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಮಾತು ಕೇಳಿ ಅದು ಬರೆದ ವರದಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ನವಗಾಂವ್ ರೈತರ ಬೇಸಾಯದ ವಿವರ. ಅಲ್ಲಿ ಲೈಸೆನ್ಸ್ ಇದ್ದವರಷ್ಟೇ ಬೆಳೀಬೇಕು, ಸರ್ಕಾರಕ್ಕೆ ಸುಂಕ ಬರಬೇಕು. ಮೊದಲು ಮಡಿಯಲ್ಲಿ ಬೀಜ ಚೆಲ್ಲಿ ಸಸಿ ಮಾಡ್ತಿದ್ರು, ಆಮೇಲೆ ಹೊಲಕ್ಕೆ ನಾಟಿ. ಗಿಡ ಹೂ ಬಿಡೋ ಮುಂಚೆ ಪೊದ್ದಾರ ಬರ್ತಿದ್ದ. ಈತನನ್ನು ಗಾಂಜಾ ಡಾಕ್ಟರ್ ಅಂತಾನೂ ಕರೀತಿದ್ರು! ಸಾಲು ಸಾಲು ನೋಡಿ ಗಂಡು ಗಿಡ ಯಾವುದು ಅಂತ ಗುರುತಿಸಿ ಕೀಳಿಸೋದು ಅವನ ಕೆಲಸ. ಯಾಕಂದ್ರೆ ಪರಾಗ ಬಿದ್ದರೆ ಹೆಣ್ಣು ಹೂವು ಬೀಜ ಕಟ್ಟುತ್ತೆ, ಅಂಟು ಕಡಿಮೆಯಾಗುತ್ತೆ, ಬೆಲೆ ಬೀಳುತ್ತೆ. ಇವತ್ತಿನ ಬೀಜವಿಲ್ಲದ ಹೂವಿನ ಗುಟ್ಟೂ ಇದೇ.

ಮಿತವಾದ ಬಳಕೆಯಿಂದ ದೊಡ್ಡ ಹಾನಿ ಇಲ್ಲ, ಪೂರ್ತಿ ನಿಷೇಧ ಬೇಡ ಅಂತ ಆಯೋಗ 1894ರಲ್ಲಿ ಹೇಳ್ತು. ಸುಂಕದ ಆಸೆಯೂ ಇತ್ತು ಅನ್ನಿ. ನಮ್ಮಲ್ಲಿ 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು. ಅದರ ಪ್ರಕಾರ ಹೂವಿನ ತೆನೆ ಗಾಂಜಾ. ತೆನೆ ಇಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. ಪೊದ್ದಾರ ಅಷ್ಟು ಜೋಪಾನ ಮಾಡ್ತಿದ್ದ ಆ ಹೂವಿಗೇ ಈಗ ಜೈಲು.